ಮಳೆ ಹಿಡಿದ ದಿನ ಸಾಗರದಲ್ಲಿ: ಇಕ್ಕೇರಿ, ಕೆಳದಿ ನೋಡಿ ಮಲೆನಾಡ ಊಟ ಉಣ್ಣುವ ಕ್ರಮ

ಮಳೆಗಾಲದಲ್ಲಿ ಸಾಗರಕ್ಕೆ ಬರುವವರಲ್ಲಿ ಹೆಚ್ಚಿನವರು ಜೋಗಕ್ಕೆಂದೇ ಬರುತ್ತಾರೆ. ಮಂಜು ಮುಚ್ಚಿಕೊಂಡು ಜೋಗ ಕಾಣದೇ ಹೋದರೆ ಕಾರಿನೊಳಗೇ ಕೂತು, ಮೆಕ್ಕೆಜೋಳ ತಿಂದು, ದಿನ ಹಾಳಾಯಿತೆಂದು ವಾಪಸಾಗುತ್ತಾರೆ. ಅದೇ ಸಾಗರ ಪೇಟೆಯಿಂದ ಆರೇಳು ಕಿಲೋಮೀಟರ್ ದೂರದಲ್ಲಿ, ದಕ್ಷಿಣಕ್ಕೆ ಇಕ್ಕೇರಿ, ಉತ್ತರಕ್ಕೆ ಕೆಳದಿ ಇವೆ. ಘಟ್ಟದ ಕೆಳಗಿನ ಬಂದರುಗಳಿಗೆ ಕಾಳುಮೆಣಸು ಇಳಿಸಿ ದೊಡ್ಡದಾದ ರಾಜ್ಯವೊಂದರ ಹಳೆಯ ರಾಜಧಾನಿಗಳು ಇವು. ಎರಡೂ ಕಡೆ ನೋಡಬೇಕಾದ್ದೆಲ್ಲ ಮಾಡಿನ ಕೆಳಗೇ ಇದೆ. ಜಡಿಮಳೆಯ ದಿನಕ್ಕೆ ಇದಕ್ಕಿಂತ ಸರಿಯಾದ ತಿರುಗಾಟ ಈ ಜಿಲ್ಲೆಯಲ್ಲಿಲ್ಲ. ದೇವಸ್ಥಾನಗಳನ್ನು ಮಧ್ಯಾಹ್ನದೊಳಗೆ ಮುಗಿಸಿ, ಊಟಕ್ಕೆ ಪೇಟೆಗೆ ಬಂದು, ಜೋಗದ ವಿಚಾರವನ್ನು ಊಟವಾದ ಮೇಲೆ ಆಕಾಶ ನೋಡಿ ತೀರ್ಮಾನಿಸುವುದು ಇಲ್ಲಿಯ ಕ್ರಮ. ಈ ಕ್ರಮ ತಲೆಕೆಳಗಾದರೆ ಎರಡೂ ಕೈತಪ್ಪುತ್ತವೆ.

ಯಾವ ಮಳೆಯಲ್ಲಿ ಬರಬೇಕು

ಜೂನ್ ಎರಡನೇ ವಾರದ ಮೃಗಶಿರಾ ಮಳೆಯಲ್ಲಿ ಭೂಮಿ ನೆನೆಯುವುದಷ್ಟೇ. ಜೂನ್ 22ರ ಸುಮಾರಿಗೆ ಆರಿದ್ರಾ ಹುಟ್ಟಿದ ಮೇಲೆ ಮಳೆ ಕೂರುತ್ತದೆ. ಪುನರ್ವಸು, ಪುಷ್ಯ ಎಂದರೆ ಜುಲೈ ಪೂರ್ತಿ ಬಿಡದ ಮಳೆ. ಆಗಸ್ಟ್ ಮೊದಲ ವಾರದ ಆಶ್ಲೇಷದಿಂದ ನಡುನಡುವೆ ಮಳೆ ಬಿಟ್ಟು ಹೊಳವಾಗತೊಡಗುತ್ತದೆ. ಕಳಲೆ (ಬಿದಿರಿನ ಮೊಳಕೆ), ಅಣಬೆ, ಎಳೆಯ ಕೆಸು ತಿನ್ನುವ ಆಸೆಯಿದ್ದವರು ಜೂನ್ ಕೊನೆಯಿಂದ ಜುಲೈ ಕೊನೆಯೊಳಗೆ ಬರಬೇಕು. ಗುಡಿಯನ್ನೂ ಜೋಗವನ್ನೂ ಒಂದೇ ದಿನ ನೋಡಬೇಕೆನ್ನುವವರಿಗೆ ಆಗಸ್ಟ್ ಮಧ್ಯದ ಮೇಲೆ ಒಳ್ಳೆಯದು.

ಜಿಲ್ಲಾಧಿಕಾರಿಗಳು ಮಳೆಗೆಂದು ಶಾಲೆಗಳಿಗೆ ರಜೆ ಕೊಟ್ಟಿದ್ದಾರೆ ಅಂದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ರೆಡ್ ಅಲರ್ಟ್ ಇದ್ದ ದಿನ ಹೊರಡಲೇಬೇಡಿ. ಮರ ಉರುಳಿ ರಸ್ತೆ ಕಟ್ಟುವುದು, ಕರೆಂಟು ಹೋಗಿ ಅದರ ಹಿಂದೆಯೇ ಮೊಬೈಲ್ ಸಿಗ್ನಲ್ ಹೋಗುವುದು ಇಂಥ ದಿನಗಳಲ್ಲೇ. ಇನ್ನೊಂದು ಲೆಕ್ಕವಿದೆ. ಶಿವಮೊಗ್ಗದಿಂದ ಪಶ್ಚಿಮಕ್ಕೆ ಹೋದಷ್ಟೂ ಮಳೆ ಜಾಸ್ತಿ. ಶಿವಮೊಗ್ಗದಲ್ಲಿ ಬರೀ ಮೋಡವಿದ್ದರೆ ಆನಂದಪುರದಲ್ಲಿ ಜಿಟಿಜಿಟಿ, ಸಾಗರದಲ್ಲಿ ಕೊಡೆ ಬಿಚ್ಚುವ ಮಳೆ, ತಾಳಗುಪ್ಪ ದಾಟಿದ ಮೇಲೆ ಧೋ ಎನ್ನುವುದು ಇಲ್ಲಿ ಮಾಮೂಲು. ಶಿವಮೊಗ್ಗದ ಕಿಟಕಿಯಿಂದ ಹೊರಗೆ ನೋಡಿ ಜೋಗದ ಹವೆ ಹೇಳಲಾಗದು.

ಚೀಲದಲ್ಲಿ ಏನೇನು

ಉದ್ದ ಕೋಲಿನ ದೊಡ್ಡ ಕೊಡೆ ಒಂದು. ಮಡಚುವ ಕೊಡೆ ಇಲ್ಲಿಯ ಗಾಳಿಗೆ ಮೊದಲ ಗಂಟೆಯಲ್ಲೇ ಮೇಲ್ಮುಖವಾಗಿ ಕಡ್ಡಿ ಮುರಿಯುತ್ತದೆ. ಜೋಗಕ್ಕೆ ಮಾತ್ರ ಕೊಡೆ ಸಾಲದು, ಅಲ್ಲಿ ಮಳೆ ಅಡ್ಡಡ್ಡ ಬರುತ್ತದೆ, ರೇನ್‌ಕೋಟ್ ಬೇಕು. ಜೀನ್ಸ್ ಬೇಡ, ಒಮ್ಮೆ ನೆನೆದರೆ ರಾತ್ರಿಯಾದರೂ ಒಣಗದು. ಮೊಣಕಾಲವರೆಗೆ ಮಡಚಬಹುದಾದ ತೆಳು ಪ್ಯಾಂಟು, ಬದಲಿಸಲು ಇನ್ನೊಂದು ಜೊತೆ, ಮೈ ಒರಸಲು ಒಂದು ಬೈರಾಸ. ಕಾಲಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್. ಅಡಿ ಸವೆದ ಹವಾಯಿ ಚಪ್ಪಲಿ ಹಾಕಿಕೊಂಡು ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಟ್ಟರೆ ಬಿದ್ದಂತೆಯೇ ಲೆಕ್ಕ.

ಗುಡಿಯ ಬಾಗಿಲಲ್ಲಿ ಚಪ್ಪಲಿ ಬಿಡಬೇಕಲ್ಲ, ಅದನ್ನು ಕಟ್ಟಿಡಲು ಒಂದು ಪ್ಲಾಸ್ಟಿಕ್ ಚೀಲ ತನ್ನಿ. ಮಳೆಯಲ್ಲಿ ಬಿಟ್ಟುಹೋದ ಚಪ್ಪಲಿಯೊಳಗೆ ಉಂಬಳ (ಜಿಗಣೆ) ಸೇರಿಕೊಳ್ಳುತ್ತದೆ. ಮೊಬೈಲಿನ ಬೆಳಕಲ್ಲದೆ ಬೇರೆ ಒಂದು ಬ್ಯಾಟರಿ (ಟಾರ್ಚ್) ಬೇಕೇ ಬೇಕು, ಯಾಕೆಂದು ಇಕ್ಕೇರಿಯಲ್ಲಿ ಗೊತ್ತಾಗುತ್ತದೆ. ಕೈಯಲ್ಲಿ ನಗದು ಇರಲಿ. ಸಿಗ್ನಲ್ ಇಲ್ಲದ ಹೊತ್ತಿಗೆ ಫೋನಿನಲ್ಲಿ ಹಣ ಕಳಿಸುವ ಆಟ ನಡೆಯದು.

ಬರುವ ದಾರಿ

ಬೆಂಗಳೂರು, ಮೈಸೂರು ಕಡೆಯವರಿಗೆ ತಾಳಗುಪ್ಪದ ರಾತ್ರಿ ರೈಲು ಅನುಕೂಲ. ಬೆಳಗಾಗುವ ಹೊತ್ತಿಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಸುತ್ತದೆ. ಶಿವಮೊಗ್ಗದಿಂದ ಆಯನೂರು, ಕುಂಸಿ, ಆನಂದಪುರದ ಮೇಲೆ ಸುಮಾರು 70 ಕಿಲೋಮೀಟರ್. ಮಳೆಯಲ್ಲಿ ಇದಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. ಸ್ವಂತ ವಾಹನವಿದ್ದವರು ಆನಂದಪುರದ ಹತ್ತಿರ ಮಲಂದೂರಿನ ಚಂಪಕಸರಸಿ ಕೊಳಕ್ಕೆ ಅರ್ಧ ಗಂಟೆ ಕೊಡಬಹುದು. ಮಳೆಗಾಲದಲ್ಲಿ ತುಂಬಿ ನಿಂತಿರುತ್ತದೆ. ಮೆಟ್ಟಿಲು ಜಾರುತ್ತದೆ, ಮೇಲಿನಿಂದಲೇ ನೋಡಿ.

ಸಾಗರದಲ್ಲಿ ಇಳಿದವರಿಗೆ ಬಸ್ಸಿಗಿಂತ ಆಟೋ ವಾಸಿ. ಇಕ್ಕೇರಿ, ಕೆಳದಿ ಎರಡನ್ನೂ ಸೇರಿಸಿ, ನಿಲ್ಲುವ ಹೊತ್ತನ್ನೂ ಹೇಳಿ, ಒಟ್ಟು ಬಾಡಿಗೆ ಹೊರಡುವ ಮೊದಲೇ ಮಾತಾಡಿ. ಇಕ್ಕೇರಿಯಲ್ಲಿ ಒಂದೂವರೆ ಗಂಟೆ, ಕೆಳದಿಯಲ್ಲಿ ಎರಡು ಗಂಟೆ ಎಂದೇ ಹೇಳಿ. "ಒಂದು ಹತ್ತು ನಿಮಿಷ" ಎಂದು ಹೇಳಿ ಒಳಹೋದರೆ ಹೊರಗೆ ನಿಂತವರಿಗೂ ಬೇಸರ, ಒಳಗಿರುವ ನಿಮಗೂ ಅವಸರ.

ತಿಂಡಿ ಪೇಟೆಯಲ್ಲೇ ಮುಗಿಸಿ, ಗಟ್ಟಿಯಾಗಿ. ಬಿಸಿ ಕಡುಬು ಇದ್ದರೆ ಅದೇ ಇರಲಿ; ಇಲ್ಲದಿದ್ದರೆ ತೆಳ್ಳೇವು (ತೆಳು ದೋಸೆ) ಅಥವಾ ಬನ್ಸ್. ಇಕ್ಕೇರಿಯಲ್ಲಾಗಲಿ ಕೆಳದಿಯಲ್ಲಾಗಲಿ ಹೊಟ್ಟೆ ತುಂಬುವಂಥದ್ದು ಸಿಗುತ್ತದೆಂದು ನೆಚ್ಚಿಕೊಳ್ಳಬೇಡಿ.

ಮೊದಲು ಇಕ್ಕೇರಿ

ಎಂಟೂವರೆಗೆ ಇಕ್ಕೇರಿಯಲ್ಲಿರಿ. ಇಲ್ಲಿಗೆ ಮೊದಲು ಬರುವುದಕ್ಕೆ ಕಾರಣವಿದೆ. ಕೆಳದಿಯ ವಸ್ತುಸಂಗ್ರಹಾಲಯ ತೆರೆಯುವುದು ಹೊತ್ತೇರಿದ ಮೇಲೆ, ಇಕ್ಕೇರಿಯ ಗುಡಿಗೆ ಆ ತೊಡಕಿಲ್ಲ. ಎರಡೂ ಕಡೆ ಮಧ್ಯಾಹ್ನ ಗರ್ಭಗುಡಿ ಮುಚ್ಚುವ ರೂಢಿ ಇರುವುದರಿಂದ ಎರಡನ್ನೂ ಊಟದೊಳಗೆ ಮುಗಿಸಬೇಕು.

ಕೆಳದಿ ಅರಸರ ಆಳ್ವಿಕೆ 1499ರಲ್ಲಿ ಕೆಳದಿಯಲ್ಲಿ ಶುರುವಾಗಿ, 16ನೇ ಶತಮಾನದಲ್ಲಿ ಇಕ್ಕೇರಿಗೆ ಬಂದು, 1639ರ ಸುಮಾರಿಗೆ ಬಿದನೂರಿಗೆ, ಅಂದರೆ ಈಗ ನಗರ ಎಂದು ಕರೆಯುವ ಊರಿಗೆ ಹೋಯಿತು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದಾಗ ಮುಗಿಯಿತು. ಹೊನ್ನಾವರ, ಬಸರೂರು, ಮಂಗಳೂರಿನ ಕಡೆಯ ಬಂದರುಗಳಲ್ಲಿ ಪೋರ್ಚುಗೀಸರು ಕಾಯುತ್ತಿದ್ದದ್ದು ಈ ಘಟ್ಟದ ಮೆಣಸಿಗೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯ ರಾಯಭಾರಿಯ ಜೊತೆ ಹೊನ್ನಾವರದಲ್ಲಿಳಿದು, ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ, ವೆಂಕಟಪ್ಪ ನಾಯಕನ ಕಾಲದ ಈ ಇಕ್ಕೇರಿಗೆ ಬಂದಿದ್ದ. ಆಗ ಇದು ಕೋಟೆ ಸುತ್ತಿದ ದೊಡ್ಡ ಪಟ್ಟಣ. ಅರಮನೆ ಮಣ್ಣು ಮತ್ತು ಮರದ್ದು, ಅದು ಉಳಿಯಲಿಲ್ಲ. ಉಳಿದದ್ದು ಕಲ್ಲಿನ ಅಘೋರೇಶ್ವರ. ರಾಜಧಾನಿ, ಟಂಕಸಾಲೆ ಎಲ್ಲ ಬೇರೆಡೆಗೆ ಹೋದ ಮೇಲೂ ನಾಣ್ಯಕ್ಕೆ ಇಕ್ಕೇರಿ ವರಹ ಎಂಬ ಹೆಸರೇ ನಿಂತಿತು.

ಆವರಣಕ್ಕೆ ಬಂದ ಕೂಡಲೇ ಒಳಗೆ ನುಗ್ಗಬೇಡಿ. ಮಳೆ ಜೋರಿದ್ದರೆ ಮೊದಲು ಎದುರಿನ ನಂದಿಮಂಟಪದಲ್ಲಿ ನಿಲ್ಲಿ. ಒಂದೇ ಕಲ್ಲಿನ ದೊಡ್ಡ ನಂದಿ. ಮಂಟಪದ ಕಮಾನುಗಳನ್ನು ಗಮನಿಸಿ. ಬಾಗಿದ ಕಮಾನು ಬಿಜಾಪುರದ ಕಡೆಯ ಕಟ್ಟಡಗಳ ನೆನಪು ತರುತ್ತದೆ, ಮೇಲಿನ ಕೆಲಸ ವಿಜಯನಗರದ ರೀತಿಯದು, ಒಳಗೆ ಹೊಯ್ಸಳ ಕೈವಾಡದ ನೆರಳೂ ಇದೆ. ಇಲ್ಲಿ ನಿಂತು ನೋಡಿದರೆ ಮುಖ್ಯ ಗುಡಿಯ ಸುತ್ತ ಮುಂಚಾಚಿದ ಕಲ್ಲಿನ ಇಳಿಜಾರು ಸೂರು ಚೆನ್ನಾಗಿ ಕಾಣುತ್ತದೆ. ನೀರು ಗೋಡೆಗೆ ತಾಗದೆ ಹೊರಗೆ ಹೇಗೆ ಬೀಳುತ್ತದೆ ಎನ್ನುವುದನ್ನು ಮಳೆಯ ದಿನ ಮಾತ್ರ ಕಣ್ಣಾರೆ ನೋಡಬಹುದು. ಬೇಸಿಗೆಯಲ್ಲಿ ಬಂದವರಿಗೆ ಅದು ಬರೀ ಅಲಂಕಾರ.

ಮಂಟಪದಿಂದ ಗುಡಿಗೆ ಹೋಗುವ ಹಾಸುಗಲ್ಲು ನುಣುಪಾಗಿ ಪಾಚಿಗಟ್ಟಿರುತ್ತದೆ. ಕಲ್ಲಿನ ನಡುಭಾಗ ಬಿಟ್ಟು ಸಂದಿನ ಮೇಲೆ ಹೆಜ್ಜೆಯಿಡಿ, ಇಡೀ ಪಾದ ಊರಿ, ಸಣ್ಣ ಹೆಜ್ಜೆ. ಕಾಲುಚೀಲ ಹಾಕಿಕೊಂಡು ನಡೆಯುವುದಕ್ಕಿಂತ ಬರಿಗಾಲು ಮೇಲು. ಒದ್ದೆ ಕಾಲುಚೀಲ ಕಲ್ಲಿನ ಮೇಲೆ ಹಿಡಿತ ಕೊಡದು. ಹುಲ್ಲಿನ ಮೇಲೆ ನಡೆದರೆ ಜಾರುವುದಿಲ್ಲ ನಿಜ, ಉಂಬಳ ಹತ್ತುತ್ತದೆ.

ಗುಡಿ ಉತ್ತರಾಭಿಮುಖ. ಹಾಗಾಗಿ ಬೆಳಗಿನ ಬಿಸಿಲೂ ಒಳಗೆ ನೇರ ಬೀಳದು, ಮೋಡದ ದಿನ ಕೇಳುವುದೇ ಬೇಡ. ಒಳಹೋಗಿ ಐದು ನಿಮಿಷ ಸುಮ್ಮನೆ ನಿಲ್ಲಿ, ಕಣ್ಣು ಹೊಂದಲಿ. ಆಮೇಲೆ ಬ್ಯಾಟರಿ ತೆಗೆಯಿರಿ. ಬೆಳಕನ್ನು ಶಿಲ್ಪದ ಮುಖಕ್ಕೆ ನೇರ ಬಿಟ್ಟರೆ ಎಲ್ಲ ಚಪ್ಪಟೆಯಾಗಿ ಬೆಳ್ಳಗೆ ಕಾಣುತ್ತದೆ. ಗೋಡೆಗೆ ತಾಗಿದಂತೆ ಪಕ್ಕದಿಂದ, ಕಡಿಮೆ ಓರೆಯಲ್ಲಿ ಹಿಡಿದರೆ ಪ್ರತಿ ಗೆರೆಗೂ ನೆರಳು ಬಿದ್ದು ಕೆತ್ತನೆ ಎದ್ದು ಬರುತ್ತದೆ. ಫೋಟೋಕ್ಕೂ ಇದೇ ಉಪಾಯ: ಒಬ್ಬರು ಪಕ್ಕದಿಂದ ಬೆಳಕು ಹಿಡಿಯಬೇಕು, ಇನ್ನೊಬ್ಬರು ಫ್ಲ್ಯಾಶ್ ಆರಿಸಿ ತೆಗೆಯಬೇಕು. ಗರ್ಭಗುಡಿಯ ಕಡೆಗೆ ಮಾತ್ರ ಅರ್ಚಕರನ್ನು ಕೇಳದೆ ಬೆಳಕೂ ಬೇಡ, ಫೋಟೋವೂ ಬೇಡ.

ಇಲ್ಲಿ ಮೂರು ವಿಷಯ ತಪ್ಪಿಸಬೇಡಿ. ಒಂದನೆಯದು ಕಾಲಡಿಯಲ್ಲಿದೆ. ನೆಲಹಾಸಿನ ಮೇಲೆ ದೇವರಿಗೆ ಅಡ್ಡಬಿದ್ದ ಮೂವರು ನಾಯಕರ ಉಬ್ಬುಚಿತ್ರಗಳು, ತಲೆಯ ಬಳಿ ಹೆಸರು. ಅವರಲ್ಲೊಬ್ಬನ ಕೈಕಾಲಿಗೆ ಬೇಡಿ ತೊಡಿಸಿದಂತೆ ಕೆತ್ತಿದೆ. ಜನರ ಕಾಲು ಸವೆಸಿ ಗೆರೆ ಮಸುಕಾಗಿರುವುದರಿಂದ ನಿಂತು ನೋಡಿದರೆ ಕಾಣದು. ಕೂತು, ಬ್ಯಾಟರಿಯನ್ನು ನೆಲಕ್ಕೇ ಒರಗಿಸಿ ಹಿಡಿಯಿರಿ. ಆಗ ಮೊದಲು ಜೋಡಿಸಿದ ಕೈ, ಆಮೇಲೆ ಬೇಡಿಯ ಬಳೆ ಕಾಣುತ್ತದೆ. ಅವುಗಳ ಮೇಲೆ ಕಾಲಿಡದೆ ಪಕ್ಕದಿಂದ ಹಾಯಿರಿ. ಎರಡನೆಯದು ಗರ್ಭಗುಡಿಯ ದೊಡ್ಡ ಪೀಠ. ಸುತ್ತಲೂ ಕುಳಿತ 32 ಸ್ತ್ರೀಮೂರ್ತಿಗಳು. ಮೂರನೆಯದನ್ನು ತೋಟವಿದ್ದವರು ವಿಶೇಷವಾಗಿ ನೋಡಬೇಕು. ನಡುವಿನ ಕಂಬಗಳ ಅಂತರವೇ ಈ ಸೀಮೆಯಲ್ಲಿ ತೋಟದ ಜಮೀನು ಅಳೆಯುವ ಅಳತೆಯಾಗಿತ್ತು. 18 ಅಡಿ 6 ಅಂಗುಲದ ಆ ಅಳತೆಗೆ ದಾಯ ಎಂದು ಹೆಸರು. ದೇವರ ಮುಂದೆ ಕಲ್ಲಲ್ಲಿ ನಿಲ್ಲಿಸಿದ ಅಳತೆಯಾದ್ದರಿಂದ ಯಾರೂ ಕೋಲು ಗಿಡ್ಡ ಮಾಡುವಂತಿರಲಿಲ್ಲ. ಒಂದು ಟೇಪು ಒಯ್ದು ನೀವೇ ಅಳೆದು ನೋಡಬಹುದು.

ಹತ್ತೂವರೆಯ ಮೇಲೆ ಕೆಳದಿ

ಪೇಟೆ ದಾಟಿಕೊಂಡೇ ಕೆಳದಿಗೆ ಹೋಗಬೇಕು. ದಾರಿಯಲ್ಲಿ ಒಂದು ಕಷಾಯ ಕುಡಿದು ಮೈ ಬೆಚ್ಚಗೆ ಮಾಡಿಕೊಳ್ಳಲು ಅಡ್ಡಿಯಿಲ್ಲ.

ಕೆಳದಿಯ ರಾಮೇಶ್ವರ ದೇವಸ್ಥಾನ ಹೊರಗಿನಿಂದ ಗುಡಿಯೆಂದೇ ಅನ್ನಿಸುವುದಿಲ್ಲ. ಹೆಂಚಿನ ಮಾಡು, ಮರದ ಕಂಬ, ಮಲೆನಾಡಿನ ದೊಡ್ಡ ಮನೆಯ ಹೆಬ್ಬಾಗಿಲ ಹಾಗಿದೆ. ಒಳಗೆ ಒಂದೇ ಆವರಣದಲ್ಲಿ ರಾಮೇಶ್ವರ, ವೀರಭದ್ರ, ಪಾರ್ವತಿ ಮೂರು ಗುಡಿಗಳು. ನೋಡುವ ಕ್ರಮ: ಮೊದಲು ರಾಮೇಶ್ವರ, ಆಮೇಲೆ ವೀರಭದ್ರ, ಕೊನೆಗೆ ಪಾರ್ವತಿ. ವೀರಭದ್ರ ಗುಡಿಯ ಮಂಟಪದಲ್ಲಿ ತಲೆಯೆತ್ತಿ ನೋಡಿ, ಛಾವಣಿಯಲ್ಲಿ ಆನೆ-ಸಿಂಹಗಳನ್ನು ಹಿಡಿದ ಗಂಡಭೇರುಂಡವಿದೆ. ಕತ್ತು ನೋಯದಂತೆ ನೋಡಲು ಕಂಬಕ್ಕೆ ಬೆನ್ನು ಕೊಟ್ಟು ಕೂರಿ. ಪಾರ್ವತಿ ಗುಡಿಯದು ಮರದ ಛಾವಣಿ. ಚೌಕ ಚೌಕವಾಗಿ ಬಿಡಿಸಿದ ಹೂಗೆಲಸ. ಕಲ್ಲಿನ ಮಂಟಪ ನೋಡಿ ಬಂದ ಕಣ್ಣಿಗೆ ಇದು ಬೇರೆಯೇ ಕೈ ಎಂದು ತಕ್ಷಣ ಗೊತ್ತಾಗುತ್ತದೆ. ಇಷ್ಟು ಮಳೆ ಬೀಳುವ ಜಾಗದಲ್ಲಿ ಮರದ ಕೆಲಸ ಉಳಿದದ್ದು ಮೇಲೆ ಹೆಂಚಿನ ಮಾಡಿರುವುದರಿಂದ. ಮರ ಮುಟ್ಟಬೇಡಿ, ಒದ್ದೆ ಕೊಡೆಯನ್ನು ಗೋಡೆಗೆ ಒರಗಿಸಬೇಡಿ, ಹೊರಜಗುಲಿಯಲ್ಲೇ ಬಿಡಿ.

ರಾಣಿ ಚೆನ್ನಮ್ಮನ ಹೆಸರು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಕಿತ್ತೂರಿನ ಚೆನ್ನಮ್ಮ ಬೇರೆ, ಈಕೆ ಆಕೆಗಿಂತ ನೂರು ವರ್ಷಕ್ಕೂ ಹಿಂದಿನವಳು. ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು 1689ರಲ್ಲಿ ಈ ಸೀಮೆಯ ಮೇಲೆ ಹಾಯ್ದಾಗ ಆಶ್ರಯ ಕೊಟ್ಟು, ಅದಕ್ಕಾಗಿ ಬಂದ ಔರಂಗಜೇಬನ ಸೇನೆಯನ್ನು ಎದುರಿಸಿದವಳು. ಮಕ್ಕಳು ಜೊತೆಗಿದ್ದರೆ ಇದನ್ನು ಜಗುಲಿಯ ಮೇಲೆ ಕೂತು ಹೇಳಿ. ಮಳೆಗೆ ಹೊರಗೆ ಕಾಲಿಡಲಾಗದ ಹೊತ್ತು ಕಥೆಗೆ ಹೊಂದುತ್ತದೆ.

ಆಮೇಲೆ ಕೆಳದಿಯ ವಸ್ತುಸಂಗ್ರಹಾಲಯ. ಇತಿಹಾಸಕಾರ ಕೆಳದಿ ಗುಂಡಾ ಜೋಯಿಸರು ಜೀವಮಾನವಿಡೀ ಕೂಡಿಸಿದ ತಾಳೆಗರಿ, ಕಾಗದಪತ್ರ, ನಾಣ್ಯ, ಹಳೆಯ ವಸ್ತುಗಳು ಇಲ್ಲಿವೆ. ಮಳೆಯ ದಿನ ನಿಧಾನವಾಗಿ ನೋಡಲು ಇದಕ್ಕಿಂತ ಒಳ್ಳೆಯ ಕೋಣೆ ಸಿಗದು. ರಜೆಯ ದಿನ ಬಂದು ಬೀಗ ನೋಡಿ ಹಿಂದಿರುಗುವುದು ಬೇಡ, ಹೊರಡುವ ಹಿಂದಿನ ದಿನವೇ ವಿಚಾರಿಸಿ. ಸೋಮವಾರವನ್ನು ಬಿಟ್ಟು ಬೇರೆ ದಿನ ಇಟ್ಟುಕೊಂಡರೆ ಕ್ಷೇಮ. ಒಳಹೋಗುವಾಗ ಕೈ ಒರಸಿಕೊಂಡು, ರೇನ್‌ಕೋಟ್ ಹೊರಗೆ ಬಿಟ್ಟು ಹೋಗಿ. ತಾಳೆಗರಿಗೆ ತೇವವೇ ದೊಡ್ಡ ಶತ್ರು.

ಊಟ: ಮೊದಲೇ ಹೇಳಿಟ್ಟವರಿಗೆ ಮಾತ್ರ ಸಿಗುವುದು

ಒಂದು ಗಂಟೆಗೆ ಸಾಗರ ಪೇಟೆಯಲ್ಲಿರಿ. ಎರಡು ದಾಟಿತೋ, ಖಾನಾವಳಿಗಳಲ್ಲಿ ತಂಬುಳಿ, ಅಪ್ಪೆಹುಳಿ ಖಾಲಿಯಾಗಿ ಅನ್ನ-ಸಾಂಬಾರು ಉಳಿಯುತ್ತದೆ. ಪೇಟೆಯ ಊಟದಲ್ಲಿ ಒಂದೆಲಗದ ತಂಬುಳಿ, ಅಪ್ಪೆಮಿಡಿ (ಘಮದ ಮಾವಿನ ಮಿಡಿ) ಉಪ್ಪಿನಕಾಯಿ, ಹಲಸಿನ ಹಪ್ಪಳ ಕೇಳಿ ನೋಡಬಹುದು. ಅಪ್ಪೆಹುಳಿ ಎಂದರೆ ಬೇಯಿಸಿ ಕಿವುಚಿದ ಅಪ್ಪೆಮಿಡಿಗೆ ನೀರು, ಉಪ್ಪು, ಮೆಣಸು ಸೇರಿಸಿ ಸಾಸಿವೆ-ಇಂಗಿನ ಒಗ್ಗರಣೆ ಕೊಟ್ಟದ್ದು. ಮಳೆಗಾಲದಲ್ಲಿ ಉಪ್ಪಿನಲ್ಲಿ ಇಟ್ಟ ಮಿಡಿಯಿಂದ ಮಾಡುತ್ತಾರೆ, ಹಾಗಾಗಿ ಉಪ್ಪು ತುಸು ಮುಂದೆ. ಅದನ್ನು ಕುಡಿದರೆ ನಿದ್ದೆ ಹತ್ತುತ್ತದೆ ಎನ್ನುವುದು ಮಲೆನಾಡಿನವರ ಮಾತು, ವಾಹನ ಓಡಿಸುವವರು ಒಂದು ಲೋಟಕ್ಕೆ ನಿಲ್ಲಿಸಲಿ.

ನಿಜವಾದ ಮಳೆಗಾಲದ ಅಡುಗೆ ಹೋಟೆಲಿನಲ್ಲಿಲ್ಲ, ಮನೆಗಳಲ್ಲಿದೆ. ಸುತ್ತಲ ಹಳ್ಳಿಗಳ ಹೋಂಸ್ಟೇಗಳಲ್ಲಿ ಉಳಿಯದೆ ಊಟಕ್ಕಷ್ಟೇ ಬರುವವರಿಗೂ ಬಡಿಸುವ ಕಡೆಗಳಿವೆ. ಆದರೆ ಮೂರು ದಿನ ಮೊದಲು ಹೇಳಬೇಕು. ಕಳಲೆಗೇ ಅಷ್ಟು ಹೊತ್ತು ಬೇಕು. ಬಿದಿರಿನ ಎಳೆ ಮೊಳಕೆಯ ಸಿಪ್ಪೆ ಬಿಡಿಸಿ, ತೆಳ್ಳಗೆ ಬಿಲ್ಲೆ ಹೆಚ್ಚಿ, ನೀರಲ್ಲಿ ಎರಡು-ಮೂರು ದಿನ ನೆನೆಸಿ, ದಿನವೂ ನೀರು ಬದಲಿಸುತ್ತಾರೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ, ಕಹಿಯೂ ಅದರದೇ. ನೀರಿನಲ್ಲಿ ಹೊರಟುಹೋಗುತ್ತದೆ, ಉಳಿದದ್ದು ಬೇಯಿಸಿ ಬಸಿದಾಗ. ಸಂತೆಯಲ್ಲಿ ಹೆಚ್ಚಿ ನೀರಲ್ಲಿಟ್ಟ ಕಳಲೆ ಕೊಳ್ಳುವುದಾದರೆ ಎಷ್ಟು ದಿನದ್ದೆಂದು ಕೇಳಿ. ಇವತ್ತಿನದೇ ಎಂದರೆ ಮನೆಗೆ ಒಯ್ದು ಇನ್ನೆರಡು ದಿನ ನೆನೆಸಿ. ಹುಳಿವಾಸನೆ ಬಂದರೆ ಕೆಟ್ಟಿತೆಂದು ಚೆಲ್ಲಬೇಡಿ, ಅದರ ಗುಣವೇ ಅದು.

ಕೆಸುವಿನ ಕರಕಲಿ ಈ ಸೀಮೆಯ ಮಳೆಗಾಲದ ರುಚಿಗೆ ತುದಿ. ನಾಲ್ವರಿಗೆ ಅಳತೆ ಹೀಗೆ: ಎಳೆಯ ಕೆಸುವಿನ ಎಲೆ 15ರಿಂದ 20, ನಿಂಬೆಹಣ್ಣಿನ ಗಾತ್ರದ ಹುಣಸೆ ಅಥವಾ ಐದಾರು ತುಂಡು ವಾಟೆಹುಳಿ, ಹಸಿಮೆಣಸು 6ರಿಂದ 8, ಬೆಳ್ಳುಳ್ಳಿ 10–12 ಎಸಳು, ಚೂರು ಬೆಲ್ಲ, ಉಪ್ಪು, ಎರಡು ಚಮಚ ಕೊಬ್ಬರಿ ಎಣ್ಣೆ.

1. ಕೈಗೆ ಎಣ್ಣೆ ಸವರಿಕೊಂಡು ಎಲೆಯ ದಂಟಿನ ನಾರು ತೆಗೆದು ಸಣ್ಣಗೆ ಹೆಚ್ಚಿ. ಎಣ್ಣೆಯಿಲ್ಲದ ಕೈ ತುರಿಸುತ್ತದೆ.
2. ಎಲೆ, ಹುಳಿ, ಹಸಿಮೆಣಸು, ಉಪ್ಪು, ಎರಡು ಲೋಟ ನೀರು ಒಟ್ಟಿಗೇ ಒಲೆಗೇರಿಸಿ. ಹುಳಿಯನ್ನು ಆಮೇಲೆ ಹಾಕುವ ಅಡುಗೆಯಲ್ಲ ಇದು, ಮೊದಲಿಂದ ಅದರಲ್ಲೇ ಬೇಯಬೇಕು.
3. ಮಧ್ಯಮ ಉರಿಯಲ್ಲಿ 30ರಿಂದ 40 ನಿಮಿಷ, ಎಲೆ ಪೂರ್ತಿ ಕರಗುವವರೆಗೆ. ಸೌಟಿನ ಬೆನ್ನಲ್ಲಿ ಅರೆದು, ಬೆಲ್ಲ ಹಾಕಿ, ಸೌಟಿನಿಂದ ದಪ್ಪಗೆ ಜಾರುವ ಹದಕ್ಕೆ ಇಳಿಸಿ.
4. ಜಜ್ಜಿದ ಬೆಳ್ಳುಳ್ಳಿ ಕೆಂಪಗಾಗುವವರೆಗೆ ಹುರಿದು, ಸಾಸಿವೆ, ಒಣಮೆಣಸಿನ ಜೊತೆ ಒಗ್ಗರಣೆ ಕೊಡಿ.

ತಿಂದವರ ಗಂಟಲು ಕೆರೆದರೆ ತಪ್ಪು ಎರಡರಲ್ಲೊಂದು: ಹುಳಿ ಸಾಲದು ಅಥವಾ ಬೆಂದಿಲ್ಲ. ಕೆಸುವಿನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳೇ ತುರಿಕೆಗೆ ಕಾರಣ. ಬಡಿಸುವ ಮೊದಲು ಉಗುರಿನಷ್ಟು ನಾಲಗೆಗೆ ಹಚ್ಚಿ ಐದು ನಿಮಿಷ ಕಾಯಿರಿ. ಕೆರೆತ ಬಂದರೆ ನೀರು ಹಾಕದೆ ಹುಳಿ ಮಾತ್ರ ಹೆಚ್ಚಿಸಿ ಇನ್ನೂ ಹತ್ತು ನಿಮಿಷ ಕುದಿಸಿ. ಬಿಸಿ ಅನ್ನಕ್ಕೆ ಕರಕಲಿ ಕಲಸಿ ಮೇಲೆ ಹಸಿ ಕೊಬ್ಬರಿ ಎಣ್ಣೆ ಬಿಟ್ಟುಕೊಂಡು ಉಣ್ಣಬೇಕು. ಜೊತೆಗೆ ಹಪ್ಪಳ ಬಿಟ್ಟು ಬೇರೇನೂ ಬೇಡ.

ಮರದ ಕೊಂಬೆಗಳ ಮೇಲೆ ಮಳೆಗಾಲದಲ್ಲಷ್ಟೇ ಚಿಗುರುವ ಮರಕೆಸುವಿನ ಪತ್ರೊಡೆ ಸಿಕ್ಕರೆ ಬಿಡಬೇಡಿ. ಅಣಬೆಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಇರಲಿ: ಊರವರು ಕಿತ್ತು, ಊರವರು ಗುರುತಿಸಿ, ಅವರ ಮನೆಯಲ್ಲೇ ಬೆಂದದ್ದಾದರೆ ತಿನ್ನಿ. ದಾರಿಬದಿಯಲ್ಲಿ ಕಂಡ ಅಣಬೆಯನ್ನು ಫೋಟೋ ನೋಡಿ ಗುರುತಿಸಿ ಒಯ್ಯುವುದು ಜೀವಕ್ಕೆ ಅಪಾಯ.

ಮಾಂಸಾಹಾರಿಗಳಿಗೆ ಅಕ್ಕಿ ಕಡುಬು-ಕೋಳಿಸಾರು, ಗದ್ದೆ ಏಡಿಯ ಸಾರು. ಸಮುದ್ರದ ತಾಜಾ ಮೀನನ್ನು ಜೂನ್–ಜುಲೈನಲ್ಲಿ ನಿರೀಕ್ಷಿಸಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಘಟ್ಟದ ಮೇಲೆ ನಡೆಯುವುದು ಕೆಳಗಿನಿಂದ ಬಂದ ಒಣಮೀನು ಮತ್ತು ಹಿನ್ನೀರಿನ, ಕೆರೆಯ ಮೀನು.

ಊಟವಾದ ಮೇಲೆ: ಜೋಗವೋ, ಹೆಗ್ಗೋಡೋ

ಎರಡೂವರೆಗೆ ಪಶ್ಚಿಮದ ಆಕಾಶ ನೋಡಿ. ಮೋಡ ಹರಿದು ಬೆಳಕು ಕಂಡರೆ, ಒಂದು ಗಂಟೆಯಲ್ಲಿ ಎರಡು ಸಲವಾದರೂ ಹೊಳವಾಗಿದ್ದರೆ ಜೋಗಕ್ಕೆ ಹೊರಡಿ, ಸುಮಾರು 30 ಕಿಲೋಮೀಟರ್. ಬಿಡದೇ ಹೊಡೆಯುತ್ತಿದ್ದರೆ ಹೋಗಬೇಡಿ.

ಜೋಗದಲ್ಲಿ ಎಷ್ಟು ನೀರಿರುತ್ತದೆ ಎನ್ನುವುದು ಆ ದಿನದ ಮಳೆಯ ಮೇಲೆ ಮಾತ್ರ ನಿಂತಿಲ್ಲ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಶರಾವತಿಯನ್ನು ಹಿಡಿದಿದೆ. ಅದು 1,819 ಅಡಿಗೆ ತುಂಬುತ್ತ ಬಂದಾಗಷ್ಟೇ ಗೇಟು ತೆಗೆಯುತ್ತಾರೆ, ಸಾಮಾನ್ಯವಾಗಿ ಆಗಸ್ಟ್ ನಂತರ. ಜೂನ್–ಜುಲೈನಲ್ಲಿ ಬೀಳುವುದು ಅಣೆಕಟ್ಟಿನ ಕೆಳಗಿನ ಹಳ್ಳಗಳ ನೀರು. ಆಗ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಬೇರೆಬೇರೆಯಾಗಿ ಕಾಣುವುದೂ ಒಂದು ಚೆಂದ. ಗೇಟು ತೆಗೆದರೆ ನಾಲ್ಕೂ ಕೂಡಿ 253 ಮೀಟರ್ ಎತ್ತರದ ಒಂದೇ ಗೋಡೆ. ಮಂಜು ಮುಚ್ಚಿದ್ದರೆ ಕಾಯಿರಿ. ಕಣಿವೆಯಿಂದ ಗಾಳಿ ಎದ್ದಾಗ ಪರದೆ ಸರಿದು ಎರಡು-ಮೂರು ನಿಮಿಷ ತೆರೆಯುತ್ತದೆ, ಅಷ್ಟರಲ್ಲಿ ಕ್ಯಾಮೆರಾ ಹುಡುಕುವುದು ಬಿಟ್ಟು ಕಣ್ಣಲ್ಲಿ ನೋಡಿ. ಬುಡಕ್ಕಿಳಿಯುವ ಮೆಟ್ಟಿಲಿನ ಸುದ್ದಿಗೆ ಮಳೆಗಾಲದಲ್ಲಿ ಹೋಗಬೇಡಿ, ಬೇಲಿ ದಾಟಿ ಬಂಡೆಯ ಮೇಲೆ ಕಾಲಿಡಬೇಡಿ.

ಹೊಳವಾಗದ ದಿನಕ್ಕೆ ಹೆಗ್ಗೋಡು ಇದೆ. 1949ರಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಂನ ಊರು. ಸಂಜೆ ನಾಟಕವಿದೆಯೇ ಎಂದು ಮೊದಲೇ ವಿಚಾರಿಸಿಕೊಂಡರೆ ದಿನದ ಕೊನೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಹತ್ತಿರದಲ್ಲೇ ಚರಕ ಎಂಬ ಸಹಕಾರ ಸಂಘದ ಮಹಿಳೆಯರು ಕೈಮಗ್ಗದಲ್ಲಿ ನೇಯ್ದು ಅಡಿಕೆ ಚೊಗರಿನಂಥ ಸಹಜ ಬಣ್ಣ ಹಾಕಿದ ಬಟ್ಟೆ ಸಿಗುತ್ತದೆ. ಇಂಥ ಬಣ್ಣದ ಬಟ್ಟೆಯನ್ನು ಮೊದಲ ಎರಡು-ಮೂರು ಸಲ ಬೇರೆಯಾಗಿ ಒಗೆದು ನೆರಳಲ್ಲಿ ಒಣಗಿಸಬೇಕು.

ಸಾಗರ ಪೇಟೆಯಲ್ಲೇ ಉಳಿಯುವವರು ಗುಡಿಗಾರರ ಕೆತ್ತನೆ ನೋಡಲಿ. ಕೊಳ್ಳುವಾಗ ಶ್ರೀಗಂಧವೆಂದರೆ ಬಿಲ್ಲು ಕೇಳಲೇಬೇಕು. ಬೇರೆ ಮರಕ್ಕೆ ಗಂಧದೆಣ್ಣೆ ಸವರಿ ಮಾರುವುದೂ ಉಂಟು, ಅಡಿಭಾಗದಲ್ಲಿ ಉಗುರಿನಿಂದ ಗೀರಿ ಮೂಸಿದರೆ ಒಳಗಿನ ವಾಸನೆ ಗೊತ್ತಾಗುತ್ತದೆ. ಮನೆಗೆ ತೊಡೆದೇವು ಒಯ್ಯುವುದಿದ್ದರೆ ಕೊನೆಗೆ ಕೊಳ್ಳಿ. ಬೋರಲು ಹಾಕಿ ಕಾಯಿಸಿದ ಮಡಕೆಯ ಮೇಲೆ, ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆಯಿಂದ ಬಳಿದು ಎಬ್ಬಿಸಿದ ಕಾಗದದಂಥ ಸಿಹಿ ಅದು. ಮಳೆಗಾಲದ ಗಾಳಿಗೆ ಪೊಟ್ಟಣ ಬಿಚ್ಚಿದರೆ ಗಳಿಗೆಯಲ್ಲಿ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಜೊತೆಗಿರಲಿ. ತಿನ್ನುವಾಗ ಮುರಿದು ಬಿಸಿ ಹಾಲು, ತುಪ್ಪದ ಜೊತೆ ಕೊಡಿ.

ಉಂಬಳ, ಮತ್ತು ವಾಪಸು ದಾರಿ

ಉಂಬಳ ಕಚ್ಚಿದರೆ ಎಳೆದು ಕೀಳಬೇಡಿ. ಕಚ್ಚಿದ ತುದಿಯ ಕೆಳಗೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವನ್ನು ಅದು ಬಿಟ್ಟಿರುವುದರಿಂದ ಒಂದೆರಡು ಗಂಟೆ ರಕ್ತ ಜಿನುಗಬಹುದು, ಗಾಬರಿ ಬೇಡ. ಸಾಬೂನಿನಲ್ಲಿ ತೊಳೆದು ಬಟ್ಟೆ ಒತ್ತಿ ಕಟ್ಟಿ. ಬರದಂತೆ ತಡೆಯಲು ಪಾದ, ಮೀನಖಂಡಕ್ಕೆ ನೀಲಗಿರಿ ಎಣ್ಣೆಯೋ ಹೊಗೆಸೊಪ್ಪಿನ ನೀರೋ ಹಚ್ಚುತ್ತಾರೆ. ಮಳೆಗೆ ತೊಳೆದುಹೋಗುವುದರಿಂದ ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ವಾಹನ ಹತ್ತುವ ಮೊದಲು ಬೆರಳ ಸಂದು, ಸ್ಯಾಂಡಲಿನ ಪಟ್ಟಿ ಒಮ್ಮೆ ನೋಡಿಕೊಳ್ಳಿ.

ನಾಟಕಕ್ಕೆಂದು ನಿಲ್ಲದವರು ಎಲ್ಲಿದ್ದರೂ ಐದೂವರೆಗೆ ಹೊರಡಿ. ಮಳೆಗಾಲದಲ್ಲಿ ಇಲ್ಲಿ ಆರಕ್ಕೇ ಮಬ್ಬು ಕವಿಯುತ್ತದೆ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ತಿರುಗಿ ಕಣ್ಣಿಗೇ ಹೊಡೆಯುತ್ತದೆ, ಲೋಬೀಮ್‌ನಲ್ಲೇ ಓಡಿಸಿ. ಗಾಜು ಒಳಗಿನಿಂದ ಮಸುಕಾದರೆ ಬಟ್ಟೆಯಿಂದ ಒರಸುತ್ತಾ ಕೂರದೆ ಎ.ಸಿ. ಗಾಳಿಯನ್ನು ಗಾಜಿಗೆ ಬಿಡಿ. ರಸ್ತೆಯ ಮೇಲೆ ಹಳ್ಳದ ನೀರು ಹರಿಯುತ್ತಿದ್ದು ಅಂಚಿನ ಕಲ್ಲು ಕಾಣದಿದ್ದರೆ ಅಲ್ಲೇ ನಿಲ್ಲಿ. ಮಲೆನಾಡಿನ ಹಳ್ಳಗಳು ಏರಿದಷ್ಟೇ ಬೇಗ ಇಳಿಯುತ್ತವೆ, ಮಳೆ ನಿಂತು ಒಂದೆರಡು ಗಂಟೆಯಲ್ಲಿ ದಾರಿ ಬಿಡುವುದುಂಟು. ಊರವರು ದಾಟದ ನೀರನ್ನು ನೀವೂ ದಾಟಬೇಡಿ. ರಾತ್ರಿ ರೈಲಿಗೆ ಹೋಗುವವರು ನಿಲ್ದಾಣಕ್ಕೆ ಅರ್ಧ ಗಂಟೆ ಮೊದಲೇ ಬಂದು ಒದ್ದೆ ಬಟ್ಟೆ ಬದಲಿಸಿಕೊಳ್ಳಿ, ಒದ್ದೆಯದನ್ನು ಬೇರೆ ಚೀಲಕ್ಕೆ ಹಾಕಿ. ತೊಡೆದೇವಿನ ಡಬ್ಬಿ ಆ ಚೀಲದಲ್ಲಿ ಇರದಿರಲಿ.